ಅಳಿಸಲೂ ಬೇಡಿ, ಅವಸರದಲ್ಲಿ ಒಪ್ಪಿಸಲೂ ಬೇಡಿ
ದಿನವಿಡೀ ಆಫೀಸಿನ ಕೆಲಸ ಮಾಡಿ, ರಾತ್ರಿ ಕೂತು ಅಪರಿಚಿತರ ದೂರುಗಳಿಗೆ ಉತ್ತರ ಬರೆಯುವುದು ಯಾರನ್ನಾದರೂ ಹಣ್ಣು ಮಾಡುತ್ತದೆ. ಎನ್‌ಪಿಎಂನಲ್ಲಿರುವ ಲೈಬ್ರರಿಯನ್ನು ಅಳಿಸಲೇ, ಇಲ್ಲ ‘ನಾನು ನೋಡಿಕೊಳ್ಳುತ್ತೇನೆ’ ಎಂದು ಈಮೇಲ್ ಕಳಿಸಿದವರಿಗೆ ಒಪ್ಪಿಸಲೇ ಎಂದು ಕೇಳಿದ್ದೀರಿ. ಎರಡೂ ಬೇಡ.

2016ರ ಮಾರ್ಚ್‌ನಲ್ಲಿ ‘ಲೆಫ್ಟ್-ಪ್ಯಾಡ್’ ಎಂಬ 11 ಸಾಲಿನ ಪ್ಯಾಕೇಜನ್ನು ಅದರ ಲೇಖಕರು ತೆಗೆದುಹಾಕಿದಾಗ, ಬೇಬಲ್‌ನಂಥ ದೊಡ್ಡ ಸಾಧನವನ್ನೂ ಇನ್‌ಸ್ಟಾಲ್ ಮಾಡಲಾಗದೆ ಜನ ಪರದಾಡಿದರು. ಈಗಿನ ನಿಯಮದಂತೆ, ಬೇರೆ ಪ್ಯಾಕೇಜ್‌ಗಳು ನಿಮ್ಮದನ್ನು ನೆಚ್ಚಿಕೊಂಡಿದ್ದರೆ ನೀವೇ ತೆಗೆಯಲು ಬರುವುದೂ ಇಲ್ಲ.

ಒಪ್ಪಿಸುವ ವಿಚಾರ ಇನ್ನೂ ಸೂಕ್ಷ್ಮ. ‘ಈವೆಂಟ್-ಸ್ಟ್ರೀಮ್’ನ ಲೇಖಕರು 2018ರಲ್ಲಿ ಪ್ರಕಟಣೆಯ ಹಕ್ಕನ್ನು ನೆರವಿಗೆ ಬಂದ ಅಪರಿಚಿತರಿಗೆ ಕೊಟ್ಟರು. ಆ ವ್ಯಕ್ತಿ ‘ಫ್ಲಾಟ್‌ಮ್ಯಾಪ್-ಸ್ಟ್ರೀಮ್’ ಎಂಬ ಹೊಸ ಪ್ಯಾಕೇಜನ್ನು ಅದರೊಳಗೆ ಸೇರಿಸಿದರು. ಅದರಲ್ಲಿ ಅಡಗಿದ್ದದ್ದು ಕೊಪೇ ಎಂಬ ವ್ಯಾಲೆಟ್‌ನಿಂದ ಬಿಟ್‌ಕಾಯಿನ್ ಕದಿಯುವ ಕೋಡ್. ಲೇಖಕರನ್ನು ದೂರಲು ನನಗೆ ಮನಸ್ಸಿಲ್ಲ. ಬಿಡಿಗಾಸಿನ ಆಸೆಯಿಲ್ಲದೆ ದುಡಿದು ಸೋತವರು ಅವರು. ಆದರೆ ನೀವು, ಬಂದವರ ತಿದ್ದುಪಡಿಗಳನ್ನು ತಿಂಗಳುಗಟ್ಟಲೆ ಓದಿ ನೋಡದೆ, ಅವರು ಯಾರೆಂದು ತಿಳಿಯದೆ, ಹಕ್ಕು ಕೊಡಬೇಡಿ.

‘ಹೊಸ ಸೌಲಭ್ಯ ಸೇರಿಸುವುದಿಲ್ಲ, ಭದ್ರತಾ ಲೋಪ ಮಾತ್ರ ಸರಿಪಡಿಸುತ್ತೇನೆ’ ಎಂದು ರೀಡ್‌ಮಿಯಲ್ಲಿ ಇಂದೇ ಬರೆಯಿರಿ. ಅದೂ ಆಗದ ದಿನ ‘ಡೆಪ್ರಿಕೇಟ್’ ಆದೇಶ ಬಳಸಿ, ಬದಲಿ ಲೈಬ್ರರಿಯ ಹೆಸರು ಸೂಚಿಸಿ. ಇನ್‌ಸ್ಟಾಲ್ ಮಾಡುವವರಿಗೆ ಎಚ್ಚರಿಕೆ ಕಾಣುತ್ತದೆ, ಹಳೆಯ ಆವೃತ್ತಿಗಳೂ ಸಿಗುತ್ತಿರುತ್ತವೆ.

ಉಳಿದ ದೂರುಗಳಿಗೆಲ್ಲ ನೀವು ಉತ್ತರಿಸಲೇಬೇಕೆಂದಿಲ್ಲ. ನೀವು ಹಾಕಿರುವ ಎಂಐಟಿ ಪರವಾನಗಿಯೇ, ಕೋಡ್ ಇದ್ದ ಹಾಗೇ ಕೊಡುತ್ತಿದ್ದೇನೆ, ಯಾವ ಖಾತರಿಯೂ ಇಲ್ಲ ಎನ್ನುತ್ತದೆ. ನಿಶ್ಚಿಂತೆಯಿಂದ ನಿದ್ದೆ ಮಾಡಿ.