ಹಾಸಿಗೆಯ ಬಳಿಗೇ ಬರುವ ಸ್ಕ್ಯಾನಿಂಗ್ ಯಂತ್ರ: ರೋಗಿಯ ಸುರಕ್ಷತೆ ಮತ್ತು ಪಂಚಾಯತಿ ಸದಸ್ಯರ ತಿಳಿವಳಿಕೆ

(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ)

ಸಂವಿಧಾನದ ಹನ್ನೊಂದನೆಯ ಅನುಸೂಚಿಯು ಪಂಚಾಯತಿಗಳಿಗೆ ವಹಿಸಬಹುದಾದ ವಿಷಯಗಳನ್ನು ಪಟ್ಟಿ ಮಾಡಿದೆ. ಅದರ 23ನೆಯ ವಿಷಯವು ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ ಹಾಗೂ ಔಷಧಾಲಯಗಳನ್ನೊಳಗೊಂಡ ಆರೋಗ್ಯ ಮತ್ತು ನೈರ್ಮಲ್ಯ. ಹೀಗಿರುವುದರಿಂದ ಗ್ರಾಮಸಭೆಯಲ್ಲಿ ಆಸ್ಪತ್ರೆಯ ಪ್ರಸ್ತಾಪ ಬಂದೊಡನೆ "ನಮ್ಮ ಊರಿಗೂ ಒಂದು ಸ್ಕ್ಯಾನಿಂಗ್ ಯಂತ್ರ ಕೊಡಿಸಿ" ಎಂಬ ಬೇಡಿಕೆ ಸದಸ್ಯರ ಮುಂದೆ ಬರುವುದು ಸಹಜ. ಬೇಡಿಕೆ ನ್ಯಾಯವಾದುದೇ. ಆದರೆ ಆ ಯಂತ್ರ ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು, ಯಾರ ಕೈಯಲ್ಲಿ ಅದು ಜೀವ ಉಳಿಸುತ್ತದೆ, ಯಾರ ಕೈಯಲ್ಲಿ ಅಪರಾಧದ ಸಾಧನವಾಗುತ್ತದೆ ಎಂಬುದನ್ನು ಅರಿಯದೆ ಠರಾವು ಬರೆಯುವುದು ಸರಿಯಾಗದು.

ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಶಬ್ದವನ್ನು ಕೇಳಬಲ್ಲದು. ವೈದ್ಯಕೀಯ ಸ್ಕ್ಯಾನಿಂಗ್‌ನಲ್ಲಿ ಬಳಸುವ ಶಬ್ದ ಸಾಮಾನ್ಯವಾಗಿ ಸೆಕೆಂಡಿಗೆ 20 ಲಕ್ಷದಿಂದ 1.5 ಕೋಟಿ ಕಂಪನಗಳದು. ಅದು ದೇಹದೊಳಗೆ ಹೋಗಿ, ಒಂದೊಂದು ಅಂಗದ ಅಂಚಿಗೂ ತಾಗಿ ಮರಳುತ್ತದೆ. ಮರಳಿ ಬಂದ ಪ್ರತಿಧ್ವನಿಯನ್ನು ಯಂತ್ರವು ಚಿತ್ರವಾಗಿ ಪರದೆಯ ಮೇಲೆ ತೋರಿಸುತ್ತದೆ. ಎಕ್ಸ್‌ರೇಯಲ್ಲಿರುವ ವಿಕಿರಣ ಇದರಲ್ಲಿಲ್ಲ. ಗಾಳಿ ಮತ್ತು ಮೂಳೆ ಮಾತ್ರ ಈ ಶಬ್ದಕ್ಕೆ ದೊಡ್ಡ ಅಡ್ಡಿ. ಚರ್ಮಕ್ಕೆ ತಣ್ಣನೆಯ ಜೆಲ್ ಹಚ್ಚುವುದು ನಡುವಿನ ಗಾಳಿಯನ್ನು ತೊಲಗಿಸುವುದಕ್ಕಾಗಿ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಪ್ರಸೂತಿ ವೈದ್ಯ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು ಹೊಟ್ಟೆಯ ಗೆಡ್ಡೆಗಳನ್ನು ಈ ವಿಧಾನದಿಂದ ಪರೀಕ್ಷಿಸಿ 1958ರಲ್ಲಿ ಲೇಖನ ಪ್ರಕಟಿಸಿದಾಗ ಯಂತ್ರವು ಕೋಣೆಯ ಬಹುಭಾಗವನ್ನು ಆಕ್ರಮಿಸುವಷ್ಟು ದೊಡ್ಡದಾಗಿತ್ತು. ಇಂದು ಅದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿದೆ. ಪ್ರಯೋಜನವೂ ಅಪಾಯವೂ ಹುಟ್ಟಿರುವುದು ಈ ಚಿಕ್ಕತನದಿಂದಲೇ.

ವಾಡಿಕೆಯ ಸ್ಕ್ಯಾನಿಂಗ್‌ಗೆ ರೋಗಿಯನ್ನು ಕ್ಷ-ಕಿರಣ ವಿಭಾಗಕ್ಕೆ ಕರೆದೊಯ್ಯಬೇಕು. ತಜ್ಞರು ಅಂಗಾಂಗಗಳನ್ನು ಪೂರ್ಣವಾಗಿ ಪರಿಶೀಲಿಸಿ ವರದಿ ಬರೆಯುತ್ತಾರೆ. ಪಾಯಿಂಟ್ ಆಫ್ ಕೇರ್ ಅಲ್ಟ್ರಾಸೌಂಡ್ ಎಂಬ ಪದ್ಧತಿ ಬೇರೆ. ಚಿಕಿತ್ಸೆ ನೀಡುತ್ತಿರುವ ವೈದ್ಯರೇ, ರೋಗಿ ಮಲಗಿರುವ ಹಾಸಿಗೆಯ ಬಳಿಯಲ್ಲೇ, ಒಂದು ನಿರ್ದಿಷ್ಟ ಪ್ರಶ್ನೆಗೆ ಉತ್ತರ ಹುಡುಕಲು ಯಂತ್ರವನ್ನು ಬಳಸುತ್ತಾರೆ. ಹೊಟ್ಟೆಯೊಳಗೆ ರಕ್ತ ಇದೆಯೇ? ಹೃದಯದ ಸುತ್ತ ದ್ರವ ತುಂಬಿದೆಯೇ? ಶ್ವಾಸಕೋಶದ ಹೊರಗೆ ನೀರು ನಿಂತಿದೆಯೇ? ಹೌದು ಅಥವಾ ಇಲ್ಲ ಎಂಬಷ್ಟು ಚಿಕ್ಕ ಪ್ರಶ್ನೆಗಳಿವು. ಇದು ಪೂರ್ಣ ಸ್ಕ್ಯಾನಿಂಗ್‌ಗೆ ಬದಲಿಯಲ್ಲ.

ಲೋಕಿಕೆರೆಯ ತೋಟವೊಂದರಲ್ಲಿ ಅಡಿಕೆ ಗೊನೆ ಕೊಯ್ಯುತ್ತಿದ್ದ ಕೂಲಿಕಾರನೊಬ್ಬ ಮರದಿಂದ ಬಿದ್ದನೆಂದು ಭಾವಿಸೋಣ. ಮೈಮೇಲೆ ದೊಡ್ಡ ಗಾಯವಿಲ್ಲ. ಮಾತನಾಡುತ್ತಾನೆ, ನೀರು ಕೇಳುತ್ತಾನೆ. ಎಡ ಪಕ್ಕೆಯಲ್ಲಿ ನೋವೆನ್ನುತ್ತಾನೆ. ಸುತ್ತ ನೆರೆದವರು "ಏನೂ ಆಗಿಲ್ಲ, ಮನೆಗೆ ಕರೆದುಕೊಂಡು ಹೋಗಿ ಮಲಗಿಸಿ" ಎನ್ನುವುದೂ ಉಂಟು. ಆದರೆ ಪಕ್ಕೆಲುಬಿನ ಕೆಳಗಿನ ಗುಲ್ಮ ಸೀಳಿದ್ದರೆ ಹೊಟ್ಟೆಯೊಳಗೆ ರಕ್ತ ಸೋರುತ್ತಿರುತ್ತದೆ. ಯುವಕರ ದೇಹ ಬಹಳ ಹೊತ್ತಿನವರೆಗೆ ರಕ್ತದೊತ್ತಡವನ್ನು ಹಿಡಿದಿಟ್ಟುಕೊಂಡು, ಬಳಿಕ ಒಮ್ಮೆಲೇ ಕುಸಿಯುತ್ತದೆ. ಇಂಥ ಗಾಯಾಳುವನ್ನು ದಾವಣಗೆರೆಯ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ತಂದಾಗ ಫಾಸ್ಟ್ ಎಂದು ಹೆಸರಾದ ಪರೀಕ್ಷೆಯನ್ನು ಮಾಡಬಹುದು. ಯಕೃತ್ತು ಮತ್ತು ಬಲ ಮೂತ್ರಪಿಂಡದ ನಡುವೆ, ಗುಲ್ಮದ ಸುತ್ತ, ಕಿಬ್ಬೊಟ್ಟೆಯ ತಳದಲ್ಲಿ, ಹೃದಯದ ಸುತ್ತಣ ಚೀಲದಲ್ಲಿ, ಹೀಗೆ ನಾಲ್ಕು ಕಡೆ ಯಂತ್ರದ ಹಿಡಿಯನ್ನಿಟ್ಟು ನೋಡಲಾಗುತ್ತದೆ. ಸೋರಿದ ರಕ್ತವು ಪರದೆಯ ಮೇಲೆ ಕಪ್ಪು ಪಟ್ಟೆಯಾಗಿ ಕಾಣುತ್ತದೆ. ಕೆಲವೇ ನಿಮಿಷಗಳ ಕೆಲಸ. ರಕ್ತದೊತ್ತಡ ಕುಸಿಯುತ್ತಿರುವ ಗಾಯಾಳುವನ್ನು ಸಿ.ಟಿ. ಸ್ಕ್ಯಾನ್ ಕೋಣೆಗೆ ಸಾಗಿಸುವ ಅಪಾಯ ತಪ್ಪಿ, ಶಸ್ತ್ರಚಿಕಿತ್ಸೆಯ ನಿರ್ಧಾರ ಬೇಗ ಆಗುತ್ತದೆ.

ಇಲ್ಲಿ ಸದಸ್ಯರು ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಈ ಪರೀಕ್ಷೆಯಲ್ಲಿ ರಕ್ತ ಕಂಡರೆ ಆ ಮಾತಿಗೆ ಬೆಲೆಯಿದೆ. ಕಾಣದಿದ್ದರೆ "ಅಪಾಯವಿಲ್ಲ" ಎಂದು ಅರ್ಥವಲ್ಲ. ಮೊದಲ ಗಂಟೆಯಲ್ಲಿ ಸೋರಿದ ಅಲ್ಪ ರಕ್ತ ಕಣ್ಣಿಗೆ ಬೀಳದಿರಬಹುದು. ಕರುಳು ತೂತಾಗಿದ್ದರೆ, ಬೆನ್ನ ಕಡೆಯ ಪದರಗಳಲ್ಲಿ ರಕ್ತಸ್ರಾವವಾಗಿದ್ದರೆ ಇದು ಹಿಡಿಯಲಾರದು. ಆದ್ದರಿಂದ ವೈದ್ಯರು ಗಾಯಾಳುವನ್ನು ನಿಗಾದಲ್ಲಿರಿಸಿ ಮತ್ತೆ ಪರೀಕ್ಷಿಸುತ್ತಾರೆ. "ಸ್ಕ್ಯಾನಿಂಗ್ ನಾರ್ಮಲ್ ಬಂದಿದೆ, ಇನ್ನೇಕೆ ಇಟ್ಟುಕೊಂಡಿದ್ದೀರಿ" ಎಂದು ಆಸ್ಪತ್ರೆಯಲ್ಲಿ ಗದ್ದಲವಾದಾಗ, ಊರಿನವರಿಗೆ ಇದನ್ನು ತಿಳಿಸಿ ಹೇಳಬಲ್ಲವರು ಜೊತೆಗೆ ಹೋದ ಪಂಚಾಯತಿ ಸದಸ್ಯರೇ.

ಸೂಜಿ ಚುಚ್ಚುವ ಕೆಲಸದಲ್ಲಿ

ರೋಗಿಯ ಸುರಕ್ಷತೆಗೆ ಈ ಯಂತ್ರ ನೀಡಿರುವ ಅತಿ ದೊಡ್ಡ ಕೊಡುಗೆ ರೋಗಪತ್ತೆಗಿಂತ ಹೆಚ್ಚಾಗಿ ಸೂಜಿಯ ದಾರಿ ತೋರುವುದರಲ್ಲಿದೆ ಎಂದರೆ ತಪ್ಪಾಗದು. ತೀವ್ರ ನಿಗಾ ಘಟಕದ ರೋಗಿಗೆ ಕತ್ತಿನ ದೊಡ್ಡ ರಕ್ತನಾಳದಲ್ಲಿ ನಳಿಕೆ ಹಾಕಬೇಕಾಗುತ್ತದೆ. ಹಳೆಯ ಕ್ರಮದಲ್ಲಿ ವೈದ್ಯರು ಕತ್ತಿನ ಸ್ನಾಯುಗಳ ಗುರುತು ಹಿಡಿದು, ಅಂದಾಜಿನ ಮೇಲೆ ಸೂಜಿ ಹಾಕುತ್ತಿದ್ದರು. ಪಕ್ಕದಲ್ಲೇ ಅಪಧಮನಿ ಇದೆ, ಕೆಳಗೆ ಶ್ವಾಸಕೋಶದ ತುದಿ ಇದೆ. ಎಲ್ಲ ಮನುಷ್ಯರಲ್ಲೂ ನಾಳಗಳು ಒಂದೇ ಸ್ಥಾನದಲ್ಲಿರುವುದಿಲ್ಲ. ಪರದೆಯಲ್ಲಿ ನಾಳವನ್ನೂ ಸೂಜಿಯ ಮೊನೆಯನ್ನೂ ಒಟ್ಟಿಗೆ ನೋಡುತ್ತ ಕೆಲಸ ಮಾಡಿದರೆ ತಪ್ಪುವ ಸಂಭವ ಕಡಿಮೆ. ಬ್ರಿಟನ್ನಿನ ನೈಸ್ ಸಂಸ್ಥೆ 2002ರಲ್ಲಿಯೇ ಇದನ್ನು ಶಿಫಾರಸು ಮಾಡಿತು. ಕೊಕ್ರೇನ್ ಸಂಸ್ಥೆಯು 2015ರಲ್ಲಿ 35 ಅಧ್ಯಯನಗಳ 5,108 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, ಕತ್ತಿನ ನಾಳದ ವಿಷಯದಲ್ಲಿ ಒಟ್ಟು ತೊಡಕುಗಳು ಶೇ. 71ರಷ್ಟೂ, ಅಪಧಮನಿಗೆ ಅಚಾತುರ್ಯದಿಂದ ಚುಚ್ಚುವುದು ಶೇ. 72ರಷ್ಟೂ ಕಡಿಮೆಯಾದುದು ಕಂಡುಬಂದಿತು. ಆ ಅಧ್ಯಯನಗಳ ಗುಣಮಟ್ಟ ಒಂದೇ ಸಮನಾಗಿರಲಿಲ್ಲವೆಂದು ಪರಿಶೀಲಕರೇ ಹೇಳಿದ್ದಾರೆ; ಆದರೂ ಫಲಿತಾಂಶ ಬೊಟ್ಟು ಮಾಡುವ ದಿಕ್ಕು ಸ್ಪಷ್ಟ. ಎದೆಯ ನೀರು ತೆಗೆಯುವುದು, ಹೊಟ್ಟೆಯ ನೀರು ತೆಗೆಯುವುದು ಮುಂತಾದ ಕೆಲಸಗಳಲ್ಲೂ ಇದೇ ತತ್ತ್ವ ಅನ್ವಯಿಸುತ್ತದೆ.

ಗರ್ಭಿಣಿಯ ವಿಷಯ

ಮುಟ್ಟು ನಿಂತು ಕೆಲವು ವಾರಗಳಾದ ಮಹಿಳೆಗೆ ಕಿಬ್ಬೊಟ್ಟೆಯಲ್ಲಿ ತೀವ್ರ ನೋವು ಬಂದು ತಲೆ ಸುತ್ತಿ ಬಿದ್ದರೆ, ಅದನ್ನು ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕಬಾರದು. ಗರ್ಭವು ಗರ್ಭಕೋಶದ ಹೊರಗೆ, ನಳಿಕೆಯಲ್ಲಿ ನಿಂತು ಅದು ಒಡೆದಿರಬಹುದು. ಗರ್ಭಕೋಶ ಖಾಲಿಯಿದ್ದು ಹೊಟ್ಟೆಯಲ್ಲಿ ದ್ರವ ತುಂಬಿರುವುದನ್ನು ಹಾಸಿಗೆಯ ಬಳಿಯ ಸ್ಕ್ಯಾನಿಂಗ್ ಬೇಗನೆ ತೋರಿಸುತ್ತದೆ. ತುಂಬಿದ ಗರ್ಭಿಣಿಗೆ ರಕ್ತಸ್ರಾವವಾದಾಗ ಇನ್ನೊಂದು ಎಚ್ಚರಿಕೆ ಇದೆ. ಮಾಸು ಗರ್ಭಕೋಶದ ಬಾಯಿಗೆ ಅಡ್ಡವಾಗಿದ್ದರೆ ಕೈಯಿಂದ ಒಳಪರೀಕ್ಷೆ ಮಾಡುವುದೇ ಭಾರಿ ರಕ್ತಸ್ರಾವಕ್ಕೆ ಕಾರಣವಾದೀತು. ಆದ್ದರಿಂದ ಮೊದಲು ಸ್ಕ್ಯಾನಿಂಗ್ ಮಾಡಿ ಮಾಸಿನ ಸ್ಥಾನ ತಿಳಿದುಕೊಳ್ಳುವುದು ಕ್ರಮ. ಹಿಂದಿನ ಸ್ಕ್ಯಾನಿಂಗ್ ವರದಿ ತಾಯಿ ಕಾರ್ಡಿನೊಂದಿಗೆ ಕೈಯಲ್ಲಿದ್ದರೆ ವೈದ್ಯರಿಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ವರದಿಯನ್ನು ಟ್ರಂಕಿನಲ್ಲಿ ಬೀಗ ಹಾಕಿಟ್ಟು ಬರಿಗೈಯಲ್ಲಿ ಆಂಬುಲೆನ್ಸ್ ಹತ್ತುವ ಪರಿಪಾಠವನ್ನು ಆಶಾ ಕಾರ್ಯಕರ್ತೆಯರು ಮತ್ತು ಸದಸ್ಯರು ಸೇರಿ ತಪ್ಪಿಸಬಹುದು. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ಅಡಿಯಲ್ಲಿ 2016ರಿಂದ ಪ್ರತಿ ತಿಂಗಳ 9ರಂದು ಗರ್ಭಿಣಿಯರ ತಪಾಸಣೆ ನಡೆಯುತ್ತಿದೆ. ಅಂದು ಯಾವ ಬೀದಿಯ ಯಾರು ಹೋಗಲಿಲ್ಲ ಎಂಬುದನ್ನು ಕೇಳಿ ತಿಳಿಯುವುದು ಸದಸ್ಯರಿಗೆ ಕಷ್ಟದ ಕೆಲಸವಲ್ಲ.

ಯಂತ್ರದಿಂದಲೇ ಆಗಬಹುದಾದ ಕೇಡು

ವೈದ್ಯಕೀಯ ಸುರಕ್ಷತೆಯನ್ನು ಕುರಿತು ಅಧ್ಯಯನ ನಡೆಸುವ ಅಮೆರಿಕದ ಇ.ಸಿ.ಆರ್.ಐ. ಸಂಸ್ಥೆಯು 2020ನೆಯ ಸಾಲಿನ ಹತ್ತು ಪ್ರಮುಖ ತಾಂತ್ರಿಕ ಅಪಾಯಗಳ ಪಟ್ಟಿಯಲ್ಲಿ ಹಾಸಿಗೆ ಬದಿಯ ಸ್ಕ್ಯಾನಿಂಗ್‌ಗೆ ಎರಡನೆಯ ಸ್ಥಾನ ನೀಡಿತು. ಯಂತ್ರ ಕೆಟ್ಟದ್ದೆಂದಲ್ಲ, ಅದು ಹರಡುತ್ತಿರುವ ವೇಗಕ್ಕೆ ತಕ್ಕಂತೆ ತರಬೇತಿ, ದಾಖಲೆ ಮತ್ತು ಮೇಲ್ವಿಚಾರಣೆ ಬೆಳೆದಿಲ್ಲವೆಂದು. ತರಬೇತಿಯಿಲ್ಲದ ಕಣ್ಣಿಗೆ ಸಾಮಾನ್ಯ ಕೊಬ್ಬು ರಕ್ತದಂತೆಯೂ, ರಕ್ತ ಸಾಮಾನ್ಯದಂತೆಯೂ ತೋರಬಹುದು. ನೋಡಿದ ಚಿತ್ರವನ್ನು ಉಳಿಸದಿದ್ದರೆ ಮುಂದಿನ ಪಾಳಿಯ ವೈದ್ಯರಿಗೆ ಹೋಲಿಸಲು ಏನೂ ಇರುವುದಿಲ್ಲ. ಒಬ್ಬ ರೋಗಿಯ ಮೈಗೆ ತಾಗಿಸಿದ ಹಿಡಿಯನ್ನು ಶುಚಿಗೊಳಿಸದೆ ಇನ್ನೊಬ್ಬರಿಗೆ ಬಳಸಿದರೆ ಸೋಂಕು ಹರಡುತ್ತದೆ. ದೊಡ್ಡ ಡಬ್ಬಿಯಿಂದ ಮತ್ತೆ ಮತ್ತೆ ತುಂಬಿಕೊಳ್ಳುವ ಜೆಲ್ ಬಾಟಲಿಯೂ ಸೋಂಕಿನ ಮೂಲವಾಗಬಲ್ಲದು. ಯಂತ್ರ ಕೊಳ್ಳಲು ಹಣ ಹೊಂದಿಸುವವರು ಅದನ್ನು ಒರೆಸುವ ದ್ರಾವಣಕ್ಕೆ ಹಣ ಹೊಂದಿಸಲು ಮರೆಯುವುದುಂಟು.

ಕಾನೂನಿನ ಕಟ್ಟು

ಭಾರತದಲ್ಲಿ ಈ ಯಂತ್ರದ ಮೇಲೆ ಬಿಗಿಯಾದ ಕಾನೂನಿದೆ. ಗರ್ಭಧಾರಣಾ ಪೂರ್ವ ಮತ್ತು ಪ್ರಸವಪೂರ್ವ ಪತ್ತೆ ತಂತ್ರಗಳ (ಲಿಂಗ ಆಯ್ಕೆ ನಿಷೇಧ) ಕಾಯ್ದೆ, 1994 ಅನ್ನು 2003ರ ತಿದ್ದುಪಡಿಯಿಂದ ಮತ್ತಷ್ಟು ಬಲಗೊಳಿಸಲಾಗಿದೆ. ಅದರ ಕಾರಣ ಎಲ್ಲರಿಗೂ ತಿಳಿದುದೇ. 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣಲಿಂಗ ಪತ್ತೆ ಮಾಡುತ್ತಿತ್ತೆಂಬ ಜಾಲವನ್ನು ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಬೇಧಿಸಿದಾಗ ಇಡೀ ರಾಜ್ಯ ಬೆಚ್ಚಿತು. ಬೆಲ್ಲ ಬೇಯಿಸುವ ಜಾಗದಲ್ಲಿ ಹೆಣ್ಣು ಭ್ರೂಣದ ಲೆಕ್ಕ ನಡೆಯಬಹುದೆಂದು ಸುತ್ತಲಿನ ಯಾವ ಊರೂ ಊಹಿಸಿರಲಾರದು.

ಕಾಯ್ದೆ ಮತ್ತು ಅದರ ನಿಯಮಗಳಂತೆ ನೋಂದಣಿಯಿಲ್ಲದ ಕೇಂದ್ರಕ್ಕೆ ಅಲ್ಟ್ರಾಸೌಂಡ್ ಯಂತ್ರವನ್ನು ಯಾರೂ ಮಾರುವಂತಿಲ್ಲ, ಬಾಡಿಗೆಗೆ ಕೊಡುವಂತಿಲ್ಲ, ಒದಗಿಸುವಂತಿಲ್ಲ. ದಾನವೆಂಬ ಹೆಸರಿನಿಂದ ಈ ನಿರ್ಬಂಧ ಸಡಿಲವಾಗುವುದಿಲ್ಲ. ಊರಿನ ದಾನಿಯೊಬ್ಬರು ತಂದೆಯವರ ನೆನಪಿಗೆಂದು ಆರೋಗ್ಯ ಕೇಂದ್ರಕ್ಕೆ ಯಂತ್ರ ಕೊಡಲು ಮುಂದೆ ಬಂದರೆ, ಸದಸ್ಯರು ಅವರನ್ನು ಸನ್ಮಾನಿಸುವ ಮೊದಲು ತಾಲ್ಲೂಕು ಆರೋಗ್ಯಾಧಿಕಾರಿಗಳ ಬಳಿಗೆ ಕರೆದೊಯ್ಯುವುದು ಲೇಸು. ಕೈಯಲ್ಲಿ ಒಯ್ಯುವ ಯಂತ್ರದ ಬಗ್ಗೆ 2012ರ ನಿಯಮ ಇನ್ನೂ ಸ್ಪಷ್ಟವಾಗಿದೆ: ನೋಂದಾಯಿತ ಆವರಣದೊಳಗೆ ಒಳರೋಗಿಗಳಿಗೆ, ಅಥವಾ ಇತರ ಆರೋಗ್ಯ ಸೇವೆಗಳನ್ನೂ ನೀಡುವ ನೋಂದಾಯಿತ ಸಂಚಾರಿ ವೈದ್ಯಕೀಯ ಘಟಕದಲ್ಲಿ ಮಾತ್ರ ಅದರ ಬಳಕೆ. ಮನೆಮನೆಗೆ ಒಯ್ಯಲು ಅವಕಾಶವಿಲ್ಲ. ಬಳಸುವವರಿಗೂ ಅರ್ಹತೆ ನಿಗದಿಯಾಗಿದೆ. ಸ್ನಾತಕೋತ್ತರ ಅರ್ಹತೆಯಿಲ್ಲದ ಎಂ.ಬಿ.ಬಿ.ಎಸ್. ವೈದ್ಯರಿಗೆ 2014ರ ನಿಯಮಗಳು ಆರು ತಿಂಗಳ ತರಬೇತಿಯನ್ನು ವಿಧಿಸಿವೆ. ಗರ್ಭಿಣಿಯ ಪ್ರತಿಯೊಂದು ಸ್ಕ್ಯಾನಿಂಗ್‌ಗೂ ಎಫ್ ನಮೂನೆ ಭರ್ತಿಯಾಗಬೇಕು. ಈ ದಾಖಲೆಯ ಲೋಪವನ್ನು ಅಪರಾಧವೆಂದು ಎಣಿಸುವ ಉಪಬಂಧವನ್ನು ಸರ್ವೋಚ್ಚ ನ್ಯಾಯಾಲಯ 2019ರ ಮೇ 3ರಂದು ಎತ್ತಿಹಿಡಿದಿದೆ.

ಈ ಕಟ್ಟುಪಾಡುಗಳಿಂದ ತುರ್ತು ಚಿಕಿತ್ಸೆಗೆ ಅಡಚಣೆಯಾಗುತ್ತಿದೆ ಎಂಬ ಮಾತು ವೈದ್ಯರಲ್ಲಿ ಇದೆ. ಮರದಿಂದ ಬಿದ್ದ ಗಂಡಸಿನ ಹೊಟ್ಟೆ ನೋಡುವ ಯಂತ್ರಕ್ಕೂ ನೋಂದಣಿ ಬೇಕೇ ಎಂಬ ಅವರ ಪ್ರಶ್ನೆಯಲ್ಲಿ ಹುರುಳಿಲ್ಲದಿಲ್ಲ. ಆದರೆ ಯಂತ್ರಕ್ಕೆ ತನ್ನ ಮುಂದಿರುವುದು ಗಾಯಾಳುವೋ ಗರ್ಭಿಣಿಯೋ ಎಂಬ ಭೇದ ತಿಳಿಯದು. ಕಾನೂನು ಬದಲಾಗುವವರೆಗೆ ನೋಂದಣಿ, ತರಬೇತಿ ಎರಡನ್ನೂ ಮುಗಿಸಿಯೇ ಮುಂದುವರಿಯುವುದೊಂದೇ ದಾರಿ.

ಪಂಚಾಯತಿಯಲ್ಲಿ ಮಾಡಬಹುದಾದುದು

ಲೋಕಿಕೆರೆಯಂಥ ಗ್ರಾಮದಲ್ಲಿ ಯಂತ್ರ ಕೊಳ್ಳುವುದಕ್ಕಿಂತ ಯಂತ್ರವಿರುವಲ್ಲಿಗೆ ರೋಗಿ ಸಕಾಲದಲ್ಲಿ ತಲುಪುವಂತೆ ಮಾಡುವುದು ಹೆಚ್ಚು ಫಲ ಕೊಡುತ್ತದೆ. ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ಸದಸ್ಯರು ಕೇಳಬೇಕಾದ ಪ್ರಶ್ನೆಗಳು ಸರಳವಾದವು. ರಾತ್ರಿ ಹತ್ತು ಗಂಟೆಯ ನಂತರ ಬಿದ್ದು ಪೆಟ್ಟಾದವರನ್ನು ಎಲ್ಲಿಗೆ ಕಳುಹಿಸಲಾಗುತ್ತದೆ? ಆ ಆಸ್ಪತ್ರೆಯಲ್ಲಿ ಆ ಹೊತ್ತಿಗೆ ಸ್ಕ್ಯಾನಿಂಗ್ ಮಾಡುವ ವೈದ್ಯರಿರುತ್ತಾರೆಯೇ? ಕಳುಹಿಸುವ ಮೊದಲು ದೂರವಾಣಿಯಲ್ಲಿ ತಿಳಿಸಲಾಗುತ್ತದೆಯೇ, ಬಿದ್ದ ಸಮಯ, ರಕ್ತದೊತ್ತಡ, ಕೊಟ್ಟ ಔಷಧ ಇವುಗಳನ್ನು ಬರೆದ ಚೀಟಿ ಜೊತೆಗೆ ಹೋಗುತ್ತದೆಯೇ? ಹರಿಹರದ ಕಡೆಯ ಪಂಚಾಯತಿಗಳಾದರೆ ಇದೇ ಪ್ರಶ್ನೆಗಳನ್ನು ಹರಿಹರ ತಾಲ್ಲೂಕು ಆಸ್ಪತ್ರೆಯ ಸಂಬಂಧದಲ್ಲಿ ಕೇಳಬಹುದು. ಉತ್ತರಗಳನ್ನು ನಡವಳಿ ಪುಸ್ತಕದಲ್ಲಿ ಬರೆಸಿ, ಮುಂದಿನ ಸಭೆಯಲ್ಲಿ ತೆರೆದು ನೋಡಬೇಕು.

ಸ್ಕ್ಯಾನಿಂಗ್ ಕೇಂದ್ರಕ್ಕೆ ಹೋದಾಗ ಗೋಡೆಯ ಮೇಲೆ ನೋಂದಣಿ ಪ್ರಮಾಣಪತ್ರವೂ, ಭ್ರೂಣಲಿಂಗ ಪತ್ತೆ ನಿಷೇಧಿಸಲಾಗಿದೆ ಎಂಬ ಕನ್ನಡದ ಫಲಕವೂ ಕಾಣುವಂತಿರಬೇಕು. ಇಲ್ಲದಿದ್ದರೆ ಅದನ್ನು ಜಿಲ್ಲಾ ಸೂಕ್ತ ಪ್ರಾಧಿಕಾರದ ಗಮನಕ್ಕೆ ತರಬಹುದು. ಪ್ರಾಧಿಕಾರಕ್ಕೆ 15 ದಿನಗಳಿಗೆ ಕಡಿಮೆಯಿಲ್ಲದ ಮುಂಚಿತ ನೋಟಿಸು ನೀಡಿದ ಯಾವುದೇ ನಾಗರಿಕರು, ಬಳಿಕ ನೇರವಾಗಿ ನ್ಯಾಯಾಲಯದಲ್ಲಿ ದೂರು ಸಲ್ಲಿಸಲು ಕಾಯ್ದೆಯ 28ನೆಯ ಪ್ರಕರಣ ಅವಕಾಶ ನೀಡಿದೆ. ಲಿಂಗ ಪತ್ತೆಗೆ ಒಳಗಾದ ಗರ್ಭಿಣಿಯನ್ನು ಗಂಡ ಅಥವಾ ಬಂಧುಗಳು ಒತ್ತಾಯಿಸಿದ್ದರೆಂದೇ ಕಾನೂನು ಮೊದಲು ಭಾವಿಸುತ್ತದೆ. ಹೀಗಾಗಿ ವಿಷಯ ತಿಳಿದ ಆಶಾ ಕಾರ್ಯಕರ್ತೆ ಅಥವಾ ನೆರೆಯ ಹೆಂಗಸು "ಆ ಹುಡುಗಿಗೇ ತೊಂದರೆಯಾದೀತು" ಎಂದು ಅಂಜಿ ಸುಮ್ಮನಿದ್ದರೆ, ಆ ಅಂಜಿಕೆ ಬೇಡವೆಂದು ಸದಸ್ಯರು ಅವರಿಗೆ ಕಾಯ್ದೆಯ ಈ ಅಂಶವನ್ನು ಓದಿ ಹೇಳಬಹುದು.