ಜಪಾನಿನ ಹಡಗುಗಳ ಹೆಸರುಗಳು

ನಮ್ಮ ಸ್ವಾತಂತ್ರ್ಯ ಹೋರಾಟದ ಚರಿತ್ರೆಯನ್ನು ಓದಿದವರಿಗೆ 'ಕೊಮಗಾಟ ಮಾರು' ಎಂಬ ಹೆಸರು ಅಪರಿಚಿತವಲ್ಲ. ೧೯೧೪ರಲ್ಲಿ ಕೆನಡಾ ದೇಶವು ತನ್ನ ನೆಲದಲ್ಲಿ ಇಳಿಯಗೊಡದೆ ಹಿಂದಕ್ಕೆ ಅಟ್ಟಿದ ಭಾರತೀಯರು ಆ ಜಪಾನೀ ಹಡಗಿನಲ್ಲಿದ್ದರು. ಈ 'ಮಾರು' ಎಂದರೇನು?

ಜಪಾನಿನ ವ್ಯಾಪಾರದ ಹಡಗುಗಳ ಹೆಸರಿನ ಕೊನೆಯಲ್ಲಿ ಈ ಮಾತು ಸಾಮಾನ್ಯವಾಗಿ ಬರುತ್ತದೆ. ಇದರ ನೇರವಾದ ಅರ್ಥ ವೃತ್ತ. ಅದು ಹಡಗಿಗೆ ಹೇಗೆ ಅಂಟಿತೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಕೋಟೆಯ ಸುತ್ತುಗಳಿಗೂ 'ಮಾರು' ಎಂಬ ಹೆಸರಿದ್ದುದರಿಂದ ಹಡಗನ್ನು ತೇಲುವ ಕೋಟೆಯೆಂದು ಭಾವಿಸಿದರೆಂಬುದು ಒಂದು ಮತ. ಹಿಂದೆ ಗಂಡುಮಕ್ಕಳ ಹೆಸರಿಗೂ ಇದನ್ನು ಸೇರಿಸುತ್ತಿದ್ದರು. ವೀರ ಯೊಷಿತ್ಸುನೆಯ ಬಾಲ್ಯನಾಮ 'ಉಷಿವಾಕಮಾರು'. ಆ ಮಮತೆಯೇ ಹಡಗಿಗೂ ಸಂದಿತೆಂಬುದು ಇನ್ನೊಂದು ಮತ.

ಎರಡನೆಯ ಮಹಾಯುದ್ಧದ ಕಾಲದ ಯುದ್ಧನೌಕೆಗಳಲ್ಲಿ ಹೆಸರೇ ನೌಕೆಯ ವರ್ಗವನ್ನು ತಿಳಿಸುತ್ತಿತ್ತು. ಅತಿ ದೊಡ್ಡ ನೌಕೆಗಳಿಗೆ ಯಮಾತೊ, ಮುಸಾಷಿ ಮೊದಲಾದ ಹಳೆಯ ಪ್ರಾಂತಗಳ ಹೆಸರು. ದೊಡ್ಡ ಕ್ರೂಸರುಗಳಿಗೆ ಬೆಟ್ಟಗಳದು, ಸಣ್ಣವಕ್ಕೆ ನದಿಗಳದು. ವಿಮಾನಗಳನ್ನು ಹೊರುವ 'ಷೋಕಾಕು' ಎಂದರೆ ಮೇಲೇರುವ ಕ್ರೌಂಚ. ಡಿಸ್ಟ್ರಾಯರುಗಳಿಗೆ ಗಾಳಿ, ಹಿಮ, ಅಲೆಗಳ ಹೆಸರು. 'ಯುಕಿಕಾಜೆ' ಎಂದರೆ ಹಿಮಗಾಳಿ.

ಹಾಗಾದರೆ ವಿಮಾನವಾಹಕವಾದ 'ಅಕಾಗಿ'ಗೆ ಬೆಟ್ಟದ ಹೆಸರೇಕೆ? ಅದನ್ನು ಮೊದಲು ಕಟ್ಟತೊಡಗಿದ್ದು ಯುದ್ಧ ಕ್ರೂಸರಾಗಿ. ೧೯೨೨ರ ವಾಷಿಂಗ್ಟನ್ ಒಪ್ಪಂದವು ಅಂಥ ನೌಕೆಗಳಿಗೆ ಮಿತಿ ಹಾಕಿದುದರಿಂದ ಅದನ್ನು ವಿಮಾನವಾಹಕವಾಗಿ ಮಾರ್ಪಡಿಸಿದರು. ರೂಪ ಬದಲಾಯಿತು, ಹೆಸರು ಉಳಿಯಿತು. ಹೀಗೆ ಒಂದು ಒಪ್ಪಂದದ ಚರಿತ್ರೆ ಒಂದು ಹೆಸರಿನಲ್ಲಿ ಅಡಗಿದೆ.

೧೯೧೩ರಲ್ಲಿ ಇಂಗ್ಲೆಂಡಿನಲ್ಲಿ ಸಿದ್ಧವಾದ 'ಕೊಂಗೋ' ನೌಕೆಯ ಹೆಸರೂ ಒಂದು ಬೆಟ್ಟದ್ದೇ. ಆದರೆ ಆ ಮಾತು ನಮ್ಮ 'ವಜ್ರ' ಶಬ್ದದ ಅನುವಾದ. ಬೌದ್ಧ ಗ್ರಂಥಗಳೊಡನೆ ಚೀನಾದ ಮಾರ್ಗವಾಗಿ ಜಪಾನನ್ನು ಸೇರಿತು. ಇಂದ್ರನ ಆಯುಧ ಅಷ್ಟು ದೂರದ ಕಡಲಿನಲ್ಲಿ ತೇಲಿತೆಂದರೆ ಯಾರಿಗೆ ತಾನೆ ಅಚ್ಚರಿಯಾಗದು?

ಯಮಾತೊ ಎಂಬುದು ಜಪಾನ್ ದೇಶಕ್ಕೇ ಇದ್ದ ಪ್ರಾಚೀನ ನಾಮ. ಆ ಹೆಸರನ್ನು ಹೊತ್ತ ಮಹಾನೌಕೆ ೧೯೪೫ನೆಯ ಏಪ್ರಿಲ್ ೭ರಂದು ಸುಮಾರು ಮೂರು ಸಾವಿರ ಜನರೊಡನೆ ಮುಳುಗಿತು. ಅದರ ಬೆಂಗಾವಲಿಗೆ ಹೋಗಿದ್ದ ಪುಟ್ಟ ಯುಕಿಕಾಜೆ ಉಳಿದು ಬಂದಿತು. ಯುದ್ಧ ಮುಗಿದ ಮೇಲೆ ಹೊರನಾಡುಗಳಲ್ಲಿ ಸಿಕ್ಕಿಕೊಂಡಿದ್ದ ಜಪಾನೀಯರನ್ನು ಊರಿಗೆ ಕರೆತರುವ ಕೆಲಸ ಮಾಡಿತು. ಹೆಸರು ಇಡುವವರ ಹಾರೈಕೆಯನ್ನಷ್ಟೇ ಹೇಳುತ್ತದೆ, ಹೊತ್ತವರ ಹಣೆಬರಹವನ್ನಲ್ಲ.