ಗ್ರಾಮೀಣ ಯುವಜನರ ಡಿಜಿಟಲ್ ಕೌಶಲ: ಕಾಲೇಜು ಮತ್ತು ವ್ಯಾಪಾರಸ್ಥರ ಸಹಭಾಗಿತ್ವ ಏಕೆ, ಹೇಗೆ?

ಸಾಗರ, ಹೊಸನಗರ ಹಾಗೂ ತೀರ್ಥಹಳ್ಳಿ ತಾಲ್ಲೂಕುಗಳ ವ್ಯಾಪಾರವು ಬಹುಮಟ್ಟಿಗೆ ಅಡಿಕೆ, ಕಾಳುಮೆಣಸು ಮತ್ತು ಭತ್ತವನ್ನು ಅವಲಂಬಿಸಿದೆ. ಮಾಲು ಹಿಂದಿನದೇ ಆಗಿದ್ದರೂ ಲೆಕ್ಕದ ಸ್ವರೂಪ ಸಂಪೂರ್ಣವಾಗಿ ಬದಲಾಗಿದೆ. 2014ರಿಂದ ರಾಜ್ಯದ ಕೃಷಿ ಮಾರುಕಟ್ಟೆಗಳಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆಯ ಮೂಲಕ ಆನ್‌ಲೈನ್ ವಹಿವಾಟು ಹಂತಹಂತವಾಗಿ ಜಾರಿಗೆ ಬಂದಿತು. 2017ರ ಜುಲೈ 1ರಂದು ಜಿಎಸ್‌ಟಿ, 2018ರ ಏಪ್ರಿಲ್ 1ರಂದು ದೇಶಾದ್ಯಂತ ಇ-ವೇ ಬಿಲ್ ಹಾಗೂ 2023ರ ಆಗಸ್ಟ್ 1ರಿಂದ 5 ಕೋಟಿ ರೂಪಾಯಿಗೂ ಮೇಲ್ಪಟ್ಟ ವಾರ್ಷಿಕ ವಹಿವಾಟುಳ್ಳವರಿಗೆ ಇ-ಇನ್‌ವಾಯ್ಸ್ ಬಂದವು. ಉಪ್ಪಿನಕಾಯಿ, ಹಪ್ಪಳ ತಯಾರಿಸುವ ಸಣ್ಣ ಘಟಕಕ್ಕೂ ಉದ್ಯಮ್ ನೋಂದಣಿ ಹಾಗೂ ಆಹಾರ ಸುರಕ್ಷತಾ ನೋಂದಣಿಗಳು ಆನ್‌ಲೈನ್ ಮೂಲಕವೇ ಆಗಬೇಕು.

ಇವೆಲ್ಲವನ್ನೂ ನಿರ್ವಹಿಸಬಲ್ಲ ಗುಮಾಸ್ತರು ನಮ್ಮಲ್ಲಿ ಎಷ್ಟಿದ್ದಾರೆ ಎಂಬುದೇ ಈ ಲೇಖನದ ಪ್ರಶ್ನೆ.

ಕೌಶಲದ ಕೊರತೆಯ ಬೆಲೆ

ಒಂದು ಲೆಕ್ಕವನ್ನು ನೋಡೋಣ. 10 ಲಕ್ಷ ರೂಪಾಯಿ ಮೌಲ್ಯದ ಒಣ ಅಡಿಕೆಯನ್ನು ಹೊರರಾಜ್ಯಕ್ಕೆ ಕಳುಹಿಸಲಾಗುತ್ತಿದೆ ಎಂದಿಟ್ಟುಕೊಳ್ಳಿ. ಶೇ. 5ರಂತೆ ತೆರಿಗೆ 50,000 ರೂಪಾಯಿ. ಇ-ವೇ ಬಿಲ್ ಇಲ್ಲದೆ ಲಾರಿ ತಡೆಹಿಡಿಯಲ್ಪಟ್ಟರೆ, ಜಿಎಸ್‌ಟಿ ಕಾಯ್ದೆಯ 129ನೇ ಪ್ರಕರಣದಂತೆ ಮಾಲೀಕರೇ ಮುಂದೆ ಬಂದು ಸರಕು ಬಿಡಿಸಿಕೊಳ್ಳುವಾಗ ತೆರಿಗೆಯ ಶೇ. 200ರಷ್ಟು, ಅಂದರೆ 1 ಲಕ್ಷ ರೂಪಾಯಿ ದಂಡ ತೆರಬೇಕಾಗುತ್ತದೆ. ಸಾಮಾನ್ಯ ಸರಕಿಗೆ ಪ್ರತಿ 200 ಕಿಲೋಮೀಟರಿಗೆ ಒಂದು ದಿನದಂತೆ ಬಿಲ್ಲಿನ ಅವಧಿ ಎಂಬುದನ್ನು ತಿಳಿದ, ಅವಧಿ ಮೀರುವ ಮುನ್ನ ವಿಸ್ತರಿಸಬಲ್ಲ ಒಬ್ಬ ನೌಕರನಿದ್ದರೆ ಇಂತಹ ಸಂಕಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದು. ಆದರೆ ಅಂತಹ ಯುವಕ ಯುವತಿಯರು ಕೆಲಸ ಅರಸಿ ಬೆಂಗಳೂರಿನ ಬಸ್ಸು ಹತ್ತುತ್ತಿದ್ದಾರೆ; ಉಳಿದವರಿಗೆ ಪದವಿಯಿದೆ, ಅಭ್ಯಾಸವಿಲ್ಲ.

ಸಾಕ್ಷರತೆ ಬೇರೆ, ವೃತ್ತಿ ಕೌಶಲ ಬೇರೆ

ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನವು 2024ರ ಮಾರ್ಚ್ 31ಕ್ಕೆ ಮುಗಿಯುವ ವೇಳೆಗೆ ದೇಶದಲ್ಲಿ 6.39 ಕೋಟಿ ಜನರಿಗೆ ತರಬೇತಿ ನೀಡಿತ್ತು. ಅದರ ಅವಧಿ 20 ಗಂಟೆ. ಮೊಬೈಲ್ ಬಳಕೆ, ಅಂತರಜಾಲ, ಹಣ ಪಾವತಿ ಮುಂತಾದ ಪ್ರಾಥಮಿಕ ವಿಷಯಗಳಿಗೆ ಅದು ಸೀಮಿತವಾಗಿತ್ತು. ಇದನ್ನು ಅಕ್ಷರಾಭ್ಯಾಸವೆನ್ನಬಹುದು. ಖರೀದಿ ಬಿಲ್ಲನ್ನು ಪೋರ್ಟಲಿನ ವಿವರದೊಡನೆ ತಾಳೆ ನೋಡುವುದು, ದಾಸ್ತಾನು ಲೆಕ್ಕವಿಡುವುದು, ರಿಟರ್ನ್ ಸಿದ್ಧಪಡಿಸುವುದು ವೃತ್ತಿ ಕೌಶಲ. ಇದು ತರಗತಿಯಲ್ಲಿ ಮಾತ್ರ ಕಲಿತರೆ ಬರುವುದಿಲ್ಲ, ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕುಳಿತರೆ ಬರುತ್ತದೆ.

ಮೂರೂ ತಾಲ್ಲೂಕು ಕೇಂದ್ರಗಳಲ್ಲಿ ಕಾಲೇಜುಗಳಿವೆ. ಸಾಗರದ ಲಾಲ್ ಬಹದ್ದೂರ್ ಕಾಲೇಜು, ಹೊಸನಗರದ ಕೊಡಚಾದ್ರಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ತೀರ್ಥಹಳ್ಳಿಯ ತುಂಗಾ ಮಹಾವಿದ್ಯಾಲಯಗಳು ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿದವು. ಕಾಲೇಜಿನಲ್ಲಿ ಪಾಠವಿದೆ, ಪ್ರಯೋಗಾಲಯವಿದೆ. ವರ್ತಕರಲ್ಲಿ ನಿಜವಾದ ಬಿಲ್ಲುಗಳಿವೆ. ಇವೆರಡನ್ನೂ ಜೋಡಿಸುವುದೇ ಸಹಭಾಗಿತ್ವ.

ಅನುಸರಿಸಬಹುದಾದ ಕ್ರಮ

1. ಮಾಸಿಕ ರಿಟರ್ನ್ ಸಲ್ಲಿಸುವವರಿಗೆ ಜಿಎಸ್‌ಟಿಆರ್-1ಕ್ಕೆ 11ನೇ ತಾರೀಖು, 3ಬಿಗೆ 20ನೇ ತಾರೀಖು ಗಡುವು. ವಿದ್ಯಾರ್ಥಿಯು ಪ್ರತಿ ತಿಂಗಳ 5ರಿಂದ 20ರವರೆಗೆ ದಿನಕ್ಕೆ ಎರಡು ಗಂಟೆ ಬಂದರೆ ಒಂದು ಪೂರ್ಣ ಆವರ್ತವನ್ನು ಕಲಿಯುತ್ತಾನೆ. ಮೂರು ಆವರ್ತಗಳಾದರೆ ಕೈ ಪಳಗುತ್ತದೆ.

2. ಮೊದಲ ತಿಂಗಳು ಹಿಂದಿನ ವರ್ಷದ ಬಿಲ್ಲುಗಳ ಮೇಲೆ, ಗ್ರಾಹಕರ ಹೆಸರು ಮರೆಮಾಡಿ, ಅಭ್ಯಾಸ ಮಾಡಿಸಿರಿ. ಪಾಸ್‌ವರ್ಡ್, ಒಟಿಪಿ, ಡಿಜಿಟಲ್ ಸಹಿಗಳನ್ನು ಎಂದೂ ಕೊಡಬಾರದು. ಇ-ವೇ ಬಿಲ್ ಪೋರ್ಟಲಿನಲ್ಲಿ ಉಪ-ಬಳಕೆದಾರರನ್ನು ಸೃಷ್ಟಿಸುವ ಸೌಲಭ್ಯವಿದೆ. ಕಾಯಂ ನೌಕರರಿಗೂ ಅದನ್ನೇ ಬಳಸುವುದು ಕ್ಷೇಮಕರ.

3. ಶರಾವತಿ ಹಿನ್ನೀರಿನ ಹಳ್ಳಿಗಳಲ್ಲಿ ನೆಟ್‌ವರ್ಕ್ ಸಮಸ್ಯೆ ಇಂದಿಗೂ ಇದೆ. 2020ರ ಲಾಕ್‌ಡೌನ್ ಕಾಲದಲ್ಲಿ ಮಲೆನಾಡಿನ ವಿದ್ಯಾರ್ಥಿಗಳು ಆನ್‌ಲೈನ್ ಪಾಠಕ್ಕಾಗಿ ಗುಡ್ಡ ಹತ್ತಿದ್ದನ್ನು ನಾವು ಮರೆಯಬಾರದು. ಆದ್ದರಿಂದ ತರಬೇತಿ ಪೇಟೆಯಲ್ಲೇ ನಡೆಯಬೇಕು. ಊರಿಗೆ ಹೋಗುವ ಕೊನೆಯ ಬಸ್ಸಿಗೆ ಮುನ್ನ ಮುಗಿಯಬೇಕು. ಇಲ್ಲವಾದರೆ ವಿದ್ಯಾರ್ಥಿನಿಯರು ವಂಚಿತರಾಗುತ್ತಾರೆ.

ಕಾನೂನು ಮತ್ತು ತೆರಿಗೆ

1961ರ ಅಪ್ರೆಂಟಿಸ್ ಕಾಯ್ದೆಯ ನಿಯಮಗಳಿಗೆ 2019ರಲ್ಲಿ ತಂದ ತಿದ್ದುಪಡಿಯಂತೆ, 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳು ಒಟ್ಟು ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ಕಡ್ಡಾಯವಾಗಿ ತೆಗೆದುಕೊಳ್ಳಬೇಕು. 4ರಿಂದ 29 ಜನರಿರುವ ಸಂಸ್ಥೆಗಳಿಗೆ ಇದು ಐಚ್ಛಿಕ. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಯಡಿ ಪದವೀಧರರಿಗೆ ನೀಡುವ ಕನಿಷ್ಠ ಸ್ಟೈಪೆಂಡಿನ ಅರ್ಧಭಾಗವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ನಾಲ್ಕಕ್ಕಿಂತ ಕಡಿಮೆ ಜನರಿರುವ ಅಂಗಡಿಗಳು ಕಾಲೇಜಿನೊಡನೆ ಲಿಖಿತ ಒಪ್ಪಂದ ಮಾಡಿಕೊಂಡು ಇಂಟರ್ನ್‌ಶಿಪ್ ನೀಡಬಹುದು.

ಹಳೆಯ ಕಂಪ್ಯೂಟರುಗಳನ್ನು ಕಾಲೇಜಿಗೆ ದಾನ ಮಾಡುವವರು ಗಮನಿಸಬೇಕಾದ ಅಂಶವೊಂದಿದೆ. ಖರೀದಿಯ ಮೇಲೆ ಹೂಡುವಳಿ ತೆರಿಗೆ ಜಮೆ ಪಡೆದಿದ್ದರೆ, ಉಚಿತವಾಗಿ ಕೊಟ್ಟರೂ ಜಿಎಸ್‌ಟಿ ಕಾಯ್ದೆಯ 1ನೇ ಅನುಸೂಚಿಯಂತೆ ಅದು ಪೂರೈಕೆಯೆನಿಸಿ ತೆರಿಗೆಯ ಹೊಣೆ ಬರುತ್ತದೆ. ದಾನಕ್ಕೆ ಮೊದಲು ತಮ್ಮ ಲೆಕ್ಕಪರಿಶೋಧಕರನ್ನು ವಿಚಾರಿಸುವುದು ಒಳಿತು.

ವಾಣಿಜ್ಯ ಮಂಡಳಿಯ ಪಾತ್ರ

ಜರ್ಮನಿಯಲ್ಲಿ 1969ರ ವೃತ್ತಿ ತರಬೇತಿ ಕಾಯ್ದೆಯಂತೆ ಅಪ್ರೆಂಟಿಸ್ ಒಪ್ಪಂದಗಳನ್ನು ನೋಂದಾಯಿಸಿ ಅಂತಿಮ ಪರೀಕ್ಷೆ ನಡೆಸುವ ಹೊಣೆ ವಾಣಿಜ್ಯ ಮಂಡಳಿಗಳದು. ಆದ್ದರಿಂದ ಒಂದು ಊರಿನಲ್ಲಿ ಪಡೆದ ಪ್ರಮಾಣಪತ್ರಕ್ಕೆ ಇನ್ನೊಂದು ಊರಿನ ಉದ್ದಿಮೆದಾರನೂ ಬೆಲೆ ಕೊಡುತ್ತಾನೆ. ನಮ್ಮ ಮಂಡಳಿಗೆ ಅಂತಹ ಶಾಸನಬದ್ಧ ಅಧಿಕಾರವಿಲ್ಲ. ಆದರೆ ಸದಸ್ಯರು ಒಪ್ಪಿದರೆ ಸಮಾನ ಪಠ್ಯ, ಸಮಾನ ಪರೀಕ್ಷೆಯನ್ನು ರೂಪಿಸಲು ಯಾವ ಅಡ್ಡಿಯೂ ಇಲ್ಲ.

ತಾಲ್ಲೂಕಿಗೆ ಐದು ಅಂಗಡಿಗಳು ತಲಾ ಇಬ್ಬರಿಗೆ ಅವಕಾಶ ನೀಡಿದರೆ ವರ್ಷಕ್ಕೆ ಮೂವತ್ತು ಮಂದಿ ತಯಾರಾಗುತ್ತಾರೆ. ಆದರೆ ಅವರು ಊರಿನಲ್ಲಿ ಉಳಿಯುವುದು ನಾವು ಕೊಡುವ ಸಂಬಳದಿಂದಲೇ ಹೊರತು ಪ್ರಮಾಣಪತ್ರದಿಂದಲ್ಲ. ತರಬೇತಿಯನ್ನು ಅಗ್ಗದ ದುಡಿಮೆಯೆಂದು ಭಾವಿಸದೆ, ಕಲಿತವರಿಗೆ ತಕ್ಕ ವೇತನ ನೀಡುವ ಸಂಕಲ್ಪವನ್ನು ಸದಸ್ಯರು ಮೊದಲು ಮಾಡಬೇಕಾಗಿದೆ.